ಗೋಡೆಯಾಚೆಯ ಫೋಲ್ಡರು

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದಿ ಮುಗಿಸಿದವರು ನಾನೇನೋ ಮೆತ್ತಗಾಗಿದ್ದೇನೆ ಎಂದುಕೊಳ್ಳುವುದು ಬೇಡ. ಮುಳಬಾಗಿಲಿನಲ್ಲಿ ಒಂದೇ ಕಾಂಪೌಂಡು, ನಡುವೆ ಒಂದು ಗೋಡೆ, ಆ ಕಡೆ ಅವಳು, ಈ ಕಡೆ ನಾನು. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಎದುರಿಗೆ ಸಿಕ್ಕರೆ ‘ಅಕ್ಕ’ ಅನ್ನಬೇಕು. ವರ್ಷಗಟ್ಟಲೆ ಎದುರಿಗೇ ಹೋಗದೆ ಆ ಕಷ್ಟವನ್ನೂ ತಪ್ಪಿಸಿಕೊಂಡಿದ್ದೆ.

ಗೋಡೆ ಎದ್ದದ್ದು ನಮ್ಮ ಮಾವನವರು ಹೋದ ಮೇಲೆ. ಅವರದು ಸಣ್ಣ ಅಚ್ಚುಕೂಟ. ಮದುವೆ, ಮುಂಜಿ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಸುತ್ತಲಿನ ಹಳ್ಳಿಗಳ ಕಾರ್ಡೆಲ್ಲ ಅಲ್ಲೇ ಆಗುತ್ತಿತ್ತು. ಪಾಲು ಮಾಡಲು ಕೂತ ಹಿರಿಯರು ಇದ್ದಬದ್ದ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಒಂದು ತೀರ್ಮಾನ ಕೊಟ್ಟರು. ದೊಡ್ಡ ಸೊಸೆ ಮದನಪಲ್ಲಿಯವಳು, ತೆಲುಗು ಓದುಬರಹ ಬಲ್ಲವಳು, ಆದ್ದರಿಂದ ತೆಲುಗಿನ ಅಚ್ಚುಮೊಳೆಗಳು ಆ ಮನೆಗೆ. ಚಿಕ್ಕ ಸೊಸೆ ಕೋಲಾರದವಳು, ಕನ್ನಡದ ಮೊಳೆಗಳು ಈ ಮನೆಗೆ. ಎಲ್ಲರೂ ಭೇಷ್ ಎಂದು ಕಾಫಿ ಕುಡಿದು ಎದ್ದರು. ಈ ಗಡಿಯ ಊರಿನಲ್ಲಿ ಒಂದೇ ಭಾಷೆಯಲ್ಲಿ ಮದುವೆ ಕಾರ್ಡು ಮಾಡಿಸುವವರು ಎಷ್ಟು ಮಂದಿ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತೆಲುಗು ಇದ್ದರೇ ನಮ್ಮಲ್ಲಿ ಕಾರ್ಡು. ಮನೆ ಒಡೆದರು, ಕಾರ್ಡನ್ನು ಒಡೆಯಲು ಆಗಲಿಲ್ಲ.

ಒಡೆಯಲಾಗದೆ ಉಳಿದದ್ದು ಇನ್ನೊಂದು, ಸೂತಕ. ನಾವು ಮಾತು ಬಿಟ್ಟಿದ್ದರೂ ದಾಯಾದಿಗಳು ದಾಯಾದಿಗಳೇ. ಆ ವಂಶದಲ್ಲಿ ಯಾರು ಹೋದರೂ ಗೋಡೆಯ ಎರಡೂ ಕಡೆ ಹತ್ತು ದಿನ ದೇವರ ದೀಪವಿಲ್ಲ, ಬಾಗಿಲಿಗೆ ರಂಗೋಲಿಯಿಲ್ಲ, ಶುಭದ ಮಾತಿಲ್ಲ. ಸುದ್ದಿ ಮೊದಲು ಹಿರಿಯರ ಮನೆಗೆ, ಅಂದರೆ ಅವಳ ಮನೆಗೆ ಬರುವುದು, ಅಲ್ಲಿಂದ ನಮಗೆ ದಾಟುವುದು ಪದ್ಧತಿ. ಅದನ್ನು ಹೇಳಲು ಮಾತ್ರ ಅವಳು ಗೋಡೆಯ ಹತ್ತಿರ ಬರುತ್ತಿದ್ದಳು.

ಮೊಳೆಗಳು ಗುಜರಿಗೆ ಹೋಗಿ ಕಂಪ್ಯೂಟರು ಬಂದರೂ ಪಾಲು ಬದಲಾಗಲಿಲ್ಲ. ಕನ್ನಡದ ಅಕ್ಷರಗಳು ನನ್ನ ಕಂಪ್ಯೂಟರಿನಲ್ಲಿ, ತೆಲುಗಿನವು ಅವಳದರಲ್ಲಿ. ನನ್ನ ಅರ್ಧ ಮುಗಿದ ಮೇಲೆ ಫ್ಲಾಪಿಯನ್ನು ಗೋಡೆಯ ಮೇಲಿಟ್ಟು ಬಟ್ಟಲು ಬಡಿಯುತ್ತಿದ್ದೆ. ಅವಳು ಬಂದು ತೆಗೆದುಕೊಂಡು ಹೋಗುವಳು, ತನ್ನ ಅರ್ಧ ಸೇರಿಸಿ ಅಲ್ಲೇ ಇಡುವಳು. ಆಮೇಲೆ ಸಿಡಿ, ಆಮೇಲೆ ಪೆನ್‌ಡ್ರೈವ್. ಅದನ್ನೊಂದು ದಿನ ಕೋತಿ ಎತ್ತಿಕೊಂಡು ಹೋಯಿತು. ಯಾರದೋ ಮುಂಜಿಯ ಕಾರ್ಡು ಅದರ ಕೈಯಲ್ಲಿ. ನಾನು ತಡವಾಗಿ ಬಡಿದೆನೆಂದು ಅವಳು, ಅವಳು ತಡವಾಗಿ ಬಂದಳೆಂದು ನಾನು, ಇಬ್ಬರೂ ನಮ್ಮ ನಮ್ಮ ಗಂಡಂದಿರ ಮೇಲೆ ಕೂಗಾಡಿದೆವು. ಕೇಬಲ್ ಎಳೆಸಿದೆವು. ಕೋತಿಗಳಿಗೆ ಅದು ಉಯ್ಯಾಲೆಯಾಯಿತು.

ಕೊನೆಗೆ ಅಣ್ಣತಮ್ಮಂದಿರಿಬ್ಬರೂ ಸೇರಿ ಕೋಲಾರದಿಂದ ಕಂಪ್ಯೂಟರಿನವನನ್ನು ಕರೆಸಿದರು. ವೈರೇ ಬೇಡ, ಆ ಮನೆಗೊಂದು ಈ ಮನೆಗೊಂದು ಡಬ್ಬಿ ಇಟ್ಟರೆ ಗಾಳಿಯಲ್ಲೇ ಫೈಲು ಹೋಗುತ್ತದೆ ಎಂದ. ನನಗೆ ಬಹಳ ಹಿಡಿಸಿತು. ಅವಳ ಮುಖ ನೋಡದೆ, ಬಟ್ಟಲು ಬಡಿಯದೆ ಕೆಲಸ ನಡೆಯುವುದಾದರೆ ಇನ್ನೇನು ಬೇಕು? ಅವಳಿಗೂ ಅದೇ ಕಾರಣಕ್ಕೆ ಹಿಡಿಸಿತಂತೆ.

ಅಲ್ಲೂ ಜಗಳವಾಯಿತು. ಎರಡೂ ಡಬ್ಬಿಗಳು ಅಂಗಡಿಯಿಂದ ಬರುವಾಗ ಒಂದೇ ನಂಬರು ಹೊತ್ತು ಬಂದಿದ್ದವು.

“ನಂಬರ್ ಒಂದೇ ಇದ್ರೆ ಒಂದಕ್ಕೊಂದು ಮಾತಾಡಲ್ಲ ಮೇಡಂ. ಯಾರಾದ್ರೂ ಒಬ್ರು ‘ಎರಡು’ ಆಗ್ಬೇಕು” ಎಂದ ಆತ.

ಗೋಡೆಯಾಚೆಯಿಂದ ಅವಳ ದನಿ ಬಂತು. “ನಾವು ದೊಡ್ಡೋರು, ನಮ್ದು ಒಂದೇ ಇರ್ಲಿ. ಅವ್ರದ್ದು ಬದ್ಲಾಯ್ಸಪ್ಪ.”

“ದೊಡ್ಡತನ ಡಬ್ಬೀಲೂ ಬೇಕಂತೆ, ನೋಡ್ರೀ” ಎಂದೆ ನಾನು, ಅವಳಿಗೆ ಕೇಳುವಷ್ಟು ಜೋರಾಗಿ. ನನ್ನ ಗಂಡ ತಲೆ ತಗ್ಗಿಸಿಕೊಂಡು ‘ಎರಡು’ ಮಾಡಿಸಿದರು. ಕಲ್ಲು ಚಪ್ಪಡಿಯ ಗೋಡೆ ದಾಟಲು ಸಿಗ್ನಲ್ಲಿಗೆ ಕಷ್ಟವಾಯಿತೆಂದು ನಮ್ಮ ಡಬ್ಬಿ ಅಡುಗೆಮನೆಯ ಗವಾಕ್ಷಿಯಲ್ಲಿ ಕೂತಿತು, ಅವರದು ಬಚ್ಚಲಿನ ಗವಾಕ್ಷಿಯಲ್ಲಿ. ಅದರಲ್ಲಿ ಮಾತ್ರ ನಾನು ಗೆದ್ದೆ.

ಕಂಪ್ಯೂಟರಿನವನು ಅವಸರದಲ್ಲಿ ಒಂದು ಫೋಲ್ಡರಿನ ಬದಲು ಎರಡೂ ಕಡೆಯ ಕೆಲಸದ ಡ್ರೈವನ್ನೇ ತೆರೆದಿಟ್ಟು ಹೋಗಿದ್ದ. ಅವಳು ಮಾಡಿದ್ದೆಲ್ಲ ನನಗೆ ಕಾಣುತ್ತಿತ್ತು, ನಾನು ಮಾಡಿದ್ದೆಲ್ಲ ಅವಳಿಗೆ. ಬೆಳಿಗ್ಗೆ ಕಾಫಿ ಹಿಡಿದು ಮೊದಲು ಅವಳ ಫೈಲುಗಳನ್ನು ತೆರೆದು ತಪ್ಪು ಹುಡುಕುವುದು ನನ್ನ ಅಭ್ಯಾಸವಾಯಿತು. ಇಷ್ಟು ವರ್ಷದಲ್ಲಿ ತೆಲುಗು ಓದುವಷ್ಟು ನನಗೂ ಬಂದಿತ್ತು. ಕೆಲವರಿಗೆ ಪೇಪರು ಓದುವ ಚಟ, ನನಗೆ ಇದು. ಅವಳೂ ಸುಮ್ಮನಿರುವವಳಲ್ಲ. ನನ್ನ ಫೈಲಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೊಸ ಹೆಸರಿಟ್ಟು ವಾಪಸು ಹಾಕುವಳು: ‘ಮತ್ತೆ ತಪ್ಪು’, ‘ಕನ್ನಡಕ ಹಾಕ್ಕೊಂಡು ನೋಡು’. ನಾನು ‘ಮೊದಲು ನಿಮ್ಮದು ನೋಡ್ಕೊಳ್ಳಿ’ ಎಂದು ಹಾಕುವೆ. ಹೀಗೆ ಒಂದು ಮಾತೂ ಆಡದೆ ದಿನವೂ ಜಗಳವಾಡಿದೆವು. ಕಾರ್ಡುಗಳು ಮಾತ್ರ ಸೊಗಸಾಗಿ ಬರುತ್ತಿದ್ದವು, ಅದೂ ನನಗೆ ಸಿಟ್ಟೇ.

ಆ ಹೊತ್ತಿಗೆ ನನ್ನ ಮಗಳ ಮದುವೆ ನಿಶ್ಚಯವಾಯಿತು. ಈ ಮದುವೆ ನಮಗೆ ಬಹಳ ಮುಖ್ಯವಾಗಿತ್ತು, ಯಾಕೆಂದರೆ ಇದಕ್ಕೆ ಮುಂಚೆ ಒಂದು ಸಂಬಂಧ ಮುರಿದುಬಿದ್ದಿತ್ತು. ನಿಶ್ಚಿತಾರ್ಥವಾದ ಮೇಲೆ ಆ ಗಂಡಿನ ಮನೆಯಲ್ಲಿ ಸಾವಾಯಿತು. ಹುಡುಗಿಯ ಕಾಲ್ಗುಣ ಎಂದು ಅವರು ತಟ್ಟೆ ವಾಪಸು ಕಳಿಸಿದರು. ಆ ಮಾತು ಮುಳಬಾಗಿಲಿನಿಂದ ವಕ್ಕಲೇರಿಯವರೆಗೆ ನಮ್ಮ ನೆಂಟರ ಮನೆಗಳಲ್ಲೆಲ್ಲ ಓಡಾಡಿತು. ಓಡಾಡಿಸಿದವಳು ಗೋಡೆಯಾಚೆಯವಳೇ ಎಂದು ನಾನು ನಂಬಿದ್ದೆ. ಮಗಳು ಹೊಸಿಲು ದಾಟುವುದನ್ನೇ ಬಿಟ್ಟಿದ್ದಳು. ಈಗ ಮಾಲೂರಿನವರು ಒಪ್ಪಿದ್ದರು, ಆದರೆ ಗಂಡಿನ ಅಜ್ಜಿ ಎಲ್ಲಕ್ಕೂ ಶಕುನ ನೋಡುವವರು. ಇನ್ನೊಂದು ಸಲ ನಿಂತರೆ ನನ್ನ ಮಗಳನ್ನು ಯಾರೂ ಕೇಳಿಕೊಂಡು ಬರುವುದಿಲ್ಲ ಎಂದು ನನಗೆ ಖಂಡಿತವಾಗಿ ಗೊತ್ತಿತ್ತು.

ಗಂಡಿನ ತಾಯಿಯ ಕಡೆಯವರು ಪುಂಗನೂರಿನವರಾದ್ದರಿಂದ ನಮ್ಮ ಕಾರ್ಡಿಗೂ ತೆಲುಗು ಮಗ್ಗುಲು ಬೇಕಾಯಿತು. ಕನ್ನಡದ್ದು ಮಾಡಿ ಫೋಲ್ಡರಿಗೆ ಹಾಕಿದೆ. ‘ಸುಖಾಗಮನ ಬಯಸುವವರು’ ಎಂಬಲ್ಲಿ ದೊಡ್ಡಪ್ಪ ದೊಡ್ಡಮ್ಮ ಎಂದು ಅವರಿಬ್ಬರ ಹೆಸರನ್ನು ಮೊದಲು ಹಾಕಲೇಬೇಕಾಗಿತ್ತು, ಹಲ್ಲು ಕಚ್ಚಿಕೊಂಡು ಹಾಕಿದೆ. ತೆಲುಗು ಅರ್ಧ ವಾಪಸು ಬಂತು. ಒಂದೂ ತಪ್ಪಿರಲಿಲ್ಲ. ಫೈಲಿನ ಹೆಸರನ್ನೂ ಬದಲಾಯಿಸಿರಲಿಲ್ಲ.

ಮದುವೆಗೆ ವಾರವಿರುವಾಗ ಒಂದು ಬೆಳಿಗ್ಗೆ ಕಾಫಿ ಹಿಡಿದು ಕೂತರೆ ಅವಳ ಡ್ರೈವ್ ಕಾಣಲಿಲ್ಲ. ನಮ್ಮ ಡಬ್ಬಿಯ ದೀಪಗಳು ಉರಿಯುತ್ತಿದ್ದವು. ಮಹಡಿ ಹತ್ತಿ ಬಗ್ಗಿ ನೋಡಿದೆ. ಅವರ ಬಚ್ಚಲಿನ ಗವಾಕ್ಷಿ ಖಾಲಿ. ಡಬ್ಬಿಯನ್ನು ಕಿತ್ತು ಒಳಗಿಟ್ಟಿದ್ದಳು. ತಾಂಬೂಲದ ಚೀಲದ ಮೇಲಿನ ತೆಲುಗು ಸಾಲು ಇನ್ನೂ ಅವಳ ಹತ್ತಿರವೇ ಇತ್ತು. ಗಂಡನನ್ನು ಕೇಳಲು ಕಳಿಸಿದೆ. “ಕೆಟ್ಟಿದೆಯಂತೆ” ಎಂದು ಬಂದರು. ಚೀಲದ ಸಾಲನ್ನು ಕನ್ನಡದಲ್ಲಿ ಮಾತ್ರ ಹಾಕಿಸಿದೆ, ಅವಳಿಗೆ ಶಾಪ ಹಾಕುತ್ತ.

ಎರಡು ದಿನ ಕಳೆದು ಇನ್ನೊಂದು ಸುದ್ದಿ. ಅವಳು ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ, ಅಲ್ಲಿನ ಅಂಗಡಿಯೊಂದರಲ್ಲಿ ಯಾವುದೋ ಕಾರ್ಡಿನ ಕನ್ನಡ ಮಗ್ಗುಲು ಮಾಡಿಸಿದಳೆಂದು ಕಾಗದ ಮಾರುವವನು ಹೇಳಿದ. ನನ್ನ ತವರೂರಿಗೇ ಹೋಗಿ ನನ್ನ ಕೆಲಸ ಕೊಟ್ಟು ಬಂದಳು! ಆ ದಿನ ನಾನು ಊಟ ಮಾಡಲಿಲ್ಲ, ಕೋಪಕ್ಕೆ.

ಅದೂ ಸಾಲದೆಂಬಂತೆ ಅವಳ ಬಾಗಿಲಲ್ಲಿ ರಂಗೋಲಿ ನಿಂತಿತು. ನಮ್ಮ ಬಾಗಿಲಿಗೆ ಚಪ್ಪರ, ತೋರಣ, ಅಂಗಳ ತುಂಬ ಹಸೆ. ಪಕ್ಕದಲ್ಲೇ ಅವಳ ಹೊಸಿಲು ಬೋಳು. ಭಾವನವರನ್ನು ಕೇಳಿದರೆ, “ಅವ್ಳಿಗೆ ಮಂಡಿ ನೋವಮ್ಮ, ಬಗ್ಗೋಕಾಗಲ್ಲ” ಎಂದರು ಪಾಪ. ಕೋಲಾರದ ಬಸ್ಸು ಹತ್ತುವಾಗ ಇಲ್ಲದ ನೋವು!

ಛತ್ರದಲ್ಲಿ ನಡೆದ ಮದುವೆಗೆ ಭಾವನವರೊಬ್ಬರೇ ಬಂದರು. ಓಡಾಡಿ ಕೆಲಸ ಮಾಡಿದರು. ಅವಳು ಬರಲಿಲ್ಲ. ಶ್ರೀನಿವಾಸಪುರದ ದಾಯಾದಿಗಳೂ ಬರಲಿಲ್ಲ, ಮಾವಿನ ಸುಗ್ಗಿ ಎಂದು ನಾವೇ ಸಮಾಧಾನ ಹೇಳಿಕೊಂಡೆವು. ಗಂಡಿನ ಅಜ್ಜಿ ನನ್ನನ್ನು ಕೂರಿಸಿಕೊಂಡು, “ದೊಡ್ಡಮ್ಮ ಎಲ್ಲಮ್ಮಾ? ಕಾರ್ಡಲ್ಲಿ ಮೊದಲು ಅವ್ರ ಹೆಸ್ರೇ ಇತ್ತಲ್ಲ?” ಎಂದರು. ಆಗ ನನ್ನ ಬಾಯಿ ನನ್ನ ಹತೋಟಿಯಲ್ಲಿ ಇರಲಿಲ್ಲ.

“ಆ ಮಹಾತಾಯಿಗೆ ನಮ್ಮ ಮಗು ಚೆನ್ನಾಗಿರೋದು ಸಹಿಸಲ್ಲ, ಅಜ್ಜಿ. ಹೊಟ್ಟೆಕಿಚ್ಚು. ಮಂಡಿ ನೋವಂತೆ! ಮನಸ್ಸಿಗೆ ಹಿಡಿದಿರೋ ರೋಗ ಅದು.”

ಅಷ್ಟಕ್ಕೇ ನಿಲ್ಲಿಸಲಿಲ್ಲ. ಹಳೆಯದೆಲ್ಲ ಬಂತು, ಪಾಲು, ಗೋಡೆ, ಡಬ್ಬಿಯ ನಂಬರು, ಕೋಲಾರದ ಅಂಗಡಿ. ಸುತ್ತ ಹೆಂಗಸರು ಸೇರಿದರು. ಭಾವನವರು ಬಡಿಸುವ ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದರು. ನಿಂತಿರಲಿ ಎಂದೇ ಇನ್ನಷ್ಟು ಜೋರಾಗಿ ಹೇಳಿದೆ. ಅಜ್ಜಿ ನನ್ನ ಕೈ ತಟ್ಟಿ, “ದಾಯಾದಿ ಮನೆ ಅಂದ್ರೆ ಇಷ್ಟೇ ಬಿಡಮ್ಮ” ಎಂದು ಸಮಾಧಾನ ಮಾಡಿದರು. ಮಗಳು ಮಾಲೂರಿಗೆ ಹೊರಟಳು, ನಗುತ್ತಲೇ.

ಮಾರನೆಯ ಬೆಳಿಗ್ಗೆ ನಾನು ಚಪ್ಪರದ ಕೆಳಗೆ ಪಾತ್ರೆ ಎಣಿಸಿಡುತ್ತಿದ್ದಾಗ ಗೇಟಿನ ಹತ್ತಿರ ಅವಳು ನಿಂತಿದ್ದಳು. ಗೋಡೆ ಎದ್ದ ಮೇಲೆ ನಮ್ಮ ಗೇಟಿಗೆ ಬಂದದ್ದು ಅದೇ ಮೊದಲು. ಜಗಳಕ್ಕೇ ಬಂದಿದ್ದಾಳೆಂದು ಸೆರಗು ಸಿಕ್ಕಿಸಿಕೊಂಡು ಎದ್ದೆ.

“ಒಳಗೆ ಬರಲ್ಲ. ಅಲ್ಲೇ ನಿಂತು ಕೇಳು” ಎಂದಳು. “ಶ್ರೀನಿವಾಸಪುರದ ಚಿಕ್ಕ ಮಾವ ಹೋಗ್ಬಿಟ್ರು. ನಾಳೆ ಹತ್ತನೇ ದಿನ, ಧರ್ಮೋದಕ ಬಿಡ್ಬೇಕು. ಅಣ್ಣತಮ್ಮ ಇಬ್ರೂ ಹೊರಡ್ಲಿ. ನಮ್ಮೋರಿಗೂ ಈಗ್ಲೇ ಹೇಳ್ದೆ. ನೀನು ತಲೆ ಮೇಲೆ ನೀರು ಹಾಕ್ಕೋ.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಶ್ರೀನಿವಾಸಪುರದ ಮಾವ ಎಂದರೆ ನಮ್ಮ ಮಾವನವರ ದಾಯಾದಿ ತಮ್ಮ. ಅವರು ಹೋದರೆ ನಮಗೆ ಪೂರ್ತಿ ಸೂತಕ. ಆದರೆ ಸಾವು ಆದಾಗಲ್ಲ, ಸುದ್ದಿ ತಿಳಿದಾಗಲೇ ಸೂತಕ ಅಂಟುವುದು. ತಿಳಿಯದವರಿಗೆ ಇಲ್ಲ. ನಾಂದಿಗೆ ಮುಂಚೆ ನಮ್ಮ ಮನೆಯ ಒಬ್ಬರಿಗೆ ತಿಳಿದಿದ್ದರೂ ನನ್ನ ಗಂಡ ಧಾರೆ ಎರೆಯುವ ಹಾಗಿರಲಿಲ್ಲ.

“ಯಾವಾಗ ಗೊತ್ತಾಯ್ತು ನಿಮ್ಗೆ?”

“ಹೋದ ದಿನಾನೇ ಫೋನು. ನಾನೇ ಎತ್ಕೊಂಡೆ. ಆ ಮನೆಗೆ ನಾನು ಹೇಳ್ತೀನಿ, ನೀವ್ಯಾರೂ ಮಾಡ್ಬೇಡಿ ಅಂದೆ. ವೈಕುಂಠದ ಕಾರ್ಡೂ ನನಗೇ ಕೊಟ್ರು, ಎರಡು ಕಡೆದೂ. ದಿನಾ ಕಾಫಿ ಹಿಡ್ಕೊಂಡು ನನ್ ಫೈಲೆಲ್ಲ ಕೆದಕ್ತೀಯಲ್ಲ, ಡಬ್ಬಿ ಕೀಳ್ದೆ ಏಮ್ ಮಾಡ್ಲಿ? ಕನ್ನಡ ಮಾಡ್ಸೋಕೆ ಕೋಲಾರಕ್ಕೆ ಅಲೆದೆ.”

ಗಂಡನಿಗೂ ಹೇಳದೆ, ಒಂಬತ್ತು ದಿನ ಒಬ್ಬಳೇ ಸೂತಕ ಹಿಡಿದು ಕೂತಿದ್ದಳು. ರಂಗೋಲಿ ಬಿಟ್ಟು, ದೀಪ ಬಿಟ್ಟು, ಮದುವೆ ಬಿಟ್ಟು. ನನಗೆ ಮೈಯೆಲ್ಲ ಉರಿಯಿತು. ಕೃತಜ್ಞತೆ ಎಂದು ದೊಡ್ಡವರು ಹೇಳುವುದು ನನಗೆ ಬರಲಿಲ್ಲ, ಬಂದದ್ದು ಕೋಪವೇ. ನನ್ನನ್ನು ಕೇಳದೆ ನನ್ನ ಮೇಲೆ ಇಷ್ಟು ದೊಡ್ಡ ಉಪಕಾರ ಹೊರಿಸಲು ಇವಳು ಯಾರು?

“ಛತ್ರದಲ್ಲಿ ನಾನು ಅಂದಿದ್ದು…” ಎಂದೆ.

“ನಮ್ಮೋರು ಬಂದು ಎಲ್ಲಾ ಹೇಳಿದ್ರು. ಸರ್ಲೇ, ಒಳ್ಳೇದೇ ಆಯ್ತು. ನೀನು ಅಷ್ಟು ಬೈದಿದ್ದಕ್ಕೇ ಆ ಮುದುಕಿಗೆ ಅನುಮಾನ ಬರ್ಲಿಲ್ಲ. ಇನ್ನೊಂದು ಸಾವು ಆ ಮಗೂ ತಲೆ ಮೇಲೆ ಬೀಳೋದು ತಪ್ಪಿತು.” ಹೊರಟವಳು ತಿರುಗಿ, “ತಣ್ಣೀರೇ ಹಾಕ್ಕೋಬೇಕು, ಬಿಸಿನೀರಲ್ಲ. ನಿನಗೆ ಹೇಳ್ದೆ ಇದ್ರೆ ಗೊತ್ತಾಗಲ್ಲ” ಎಂದು ಚುಚ್ಚಿಯೇ ಹೋದಳು.

ಸ್ನಾನ ಮಾಡಿ ಬಂದು, ಒದ್ದೆ ತಲೆಯಲ್ಲೇ ಕಂಪ್ಯೂಟರು ಹಾಕಿದೆ. ಅವಳ ಡ್ರೈವ್ ಮತ್ತೆ ಕಾಣುತ್ತಿತ್ತು. ವೈಕುಂಠದ ಕಾರ್ಡು ಅಲ್ಲಿತ್ತು. ಅಭ್ಯಾಸಬಲದಿಂದ ತಪ್ಪು ಹುಡುಕಿದೆ. ಕೋಲಾರದವರ ಕನ್ನಡದಲ್ಲಿ ಬೇಕಾದಷ್ಟು ಸಿಕ್ಕವು. ಹೆಸರು ಬದಲಾಯಿಸಿ ವಾಪಸು ಹಾಕಲು ಕೈ ಹೋಯಿತು. ಹಾಕಲಿಲ್ಲ. ನನ್ನ ತಮ್ಮ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಮದುವೆಯ ಫೋಟೋಗಳೆಲ್ಲ ನನ್ನ ಕಂಪ್ಯೂಟರಿನಲ್ಲಿದ್ದವು. ಇಬ್ಬರಿಗೂ ಈಗ ಒಂದೇ ಸೂತಕ, ಊರವರು ಯಾರೂ ಹತ್ತಿರ ಬಾರದ ಹೊತ್ತಿನಲ್ಲಿ ನಾನು ಅವಳ ಮನೆಗೆ, ಅವಳು ನಮ್ಮ ಮನೆಗೆ ಹೋಗಬಹುದಾಗಿತ್ತು. ನಾನು ಹೋಗಲಿಲ್ಲ. ಫೋಟೋಗಳನ್ನು ಅವಳ ಫೋಲ್ಡರಿಗೆ ಎಳೆದು ಬಿಟ್ಟೆ. ಚಪ್ಪಡಿ ಗೋಡೆ ದಾಟಿಕೊಂಡು ಅವು ಒಂದೊಂದಾಗಿ ಹೋಗುತ್ತಿದ್ದವು. ಮುಗಿಯುವವರೆಗೆ ಅಲ್ಲೇ ಕೂತಿದ್ದೆ.

ಸಂಜೆಗೆ ಎಲ್ಲ ಫೋಟೋಗಳಿಗೂ ಅವಳು ಹೆಸರಿಟ್ಟಿದ್ದಳು. ‘ಜಡೆ ಸಡಿಲ’, ‘ಬಾಸಿಂಗ ವಾರೆ’, ‘ಇವಳಮ್ಮ ಯಾಕೆ ಹೀಗೆ ನಿಂತಿದ್ದಾಳೆ’. ಒಂದನ್ನೂ ಬಿಟ್ಟಿರಲಿಲ್ಲ. ತಾಳಿ ಕಟ್ಟುವ ಫೋಟೋದ ಹೆಸರು ಮಾತ್ರ ಬೇರೆ ಇತ್ತು: ‘ಇದನ್ನ ದೊಡ್ಡದು ಮಾಡಿಸಿ ಕೊಡು’.

ಮಾಡಿಸಿ, ಕಟ್ಟು ಹಾಕಿಸಿ, ಗಂಡನ ಕೈಲಿ ಕಳಿಸಿದೆ. ಅವಳ ನಡುಮನೆಯಲ್ಲಿ ಬಾಗಿಲು ತೆಗೆದ ತಕ್ಷಣ ಕಾಣುವ ಹಾಗೆ ಹಾಕಿದ್ದಾಳೆಂದು ತವರಿಗೆ ಬಂದಾಗಲೆಲ್ಲ ಮಗಳು ಹೇಳುತ್ತಾಳೆ. ನಾನಂತೂ ಇನ್ನೂ ನೋಡಿಲ್ಲ.