ಹಿಡಿಯೊಳಗಿನ ತುಕ್ಕು

ಗಲ್ಫಿನ ಶರ್ಕಿನಲ್ಲಿ, ತನಗೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಶ್ರೀಮಂತ ಕಫೀಲರ ಜಪಾನೀ ಖಡ್ಗವನ್ನು ನೋಡಿಕೊಳ್ಳುವ ಸೈಮನ್ ಮಹಾ ಮಾತುಗಾರ. ಮುನ್ನೂರು ವರ್ಷದ ಆ ಅಲಗು ಒರೆಯಿಂದ ಹೊರಬಂದರೆ ಮಾತ್ರ, ಉಸಿರಿನ ಪಸೆ ತಾಗೀತೆಂದು ತುಟಿ ಬಿಚ್ಚುವುದಿಲ್ಲ. ಹಳೆಯ ಎಣ್ಣೆ ಒರೆಸಿ, ಅಂಚಿನ ಮಂಜಿನಂಥ ಗೆರೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ, ಹೊಸ ಎಣ್ಣೆ ಸವರುತ್ತಾನೆ. ಹೆಂಡತಿ ಐವಿಗೆ ಜ್ವರ ಬಂದರೂ ಅವನು ಮೊದಲು ನೋಡುವುದು ಖಡ್ಗದ ಪೆಟ್ಟಿಗೆಯ ತೇವಾಂಶವನ್ನು. ಪ್ರದರ್ಶನಕ್ಕೆ ಮುನ್ನ ಹಿಡಿಯೊಳಗೆ ಅಡಗಿರುವ ಅಲಗಿನ ಬುಡದ ಕಪ್ಪು ತುಕ್ಕನ್ನು ತಿಕ್ಕಿ ತೆಗೆಯಲು ಕಫೀಲ್ ಹೇಳಿದಾಗ ಐವಿ, "ತಿಕ್ಕಿ ಕೊಡಿ ಮಾರಾಯ್ರೆ, ನಾವು ಇಲ್ಲಿರ್ಲಿಕ್ಕೆ ಬೇಕಾದ ಇಕಾಮಾ ರದ್ದು ಮಾಡುದು ಅವರ ಕೈಯಲ್ಲುಂಟು" ಎಂದಳು. "ಅದು ತುಕ್ಕಲ್ಲ, ಖಡ್ಗದ ಪ್ರಾಯ. ಊರಿಗೆ ಕಳಿಸಿದ್ರೂ ತಿಕ್ಕುದಿಲ್ಲ," ಎಂದ ಸೈಮನ್. ಮರುದಿನ ಇಕಾಮಾ ಕಾರ್ಡನ್ನು ಕಫೀಲರ ಮೇಜಿನ ಮೇಲಿಟ್ಟು ಅದನ್ನೇ ಹೇಳಿದ. ಅವರು ಕಾರ್ಡನ್ನು ಮರಳಿ ಅವನತ್ತಲೇ ಸರಿಸಿ, ತಿಕ್ಕುವ ಮಾತು ಬಿಟ್ಟರು. ಆ ತುಕ್ಕಿನಲ್ಲಿ ಕೆತ್ತಿ ಉಳಿದಿರುವ, ಖಡ್ಗ ಮಾಡಿದ ಜಪಾನೀ ಕಮ್ಮಾರನ ಹೆಸರಿನ ಒಂದಕ್ಷರವೂ ಸೈಮನನಿಗೆ ಓದಲು ಬಾರದು.