ಇಲ್ಲದ ಗೋಡೆಯ ಚಿತ್ರಗಳು

ಎಪ್ಪತ್ತರ ದಶಕದ ಕೊನೆಯಲ್ಲಿ, ಗಲ್ಫಿನ ಅದ್ಲಿಯಾ ಬಡಾವಣೆಯಲ್ಲಿದ್ದ ನಮ್ಮ ಫ್ಲ್ಯಾಟಿನ ಎದುರು ವಿಲ್ಲಾದಲ್ಲಿ ಇಟಲಿಯ ಹೆಂಗಸೊಬ್ಬರಿದ್ದರು. ಅವರ ಗಂಡ ಎಂಜಿನಿಯರ್. ನನ್ನ ಗಂಡ ಅದೇ ಕಂಪನಿಯ ಅಕೌಂಟ್ಸಿನಲ್ಲಿದ್ದರು.

ನನ್ನ ಮೊದಲ ಮಗು, ಗಂಡು, ಹುಟ್ಟಿ ತಿಂಗಳು ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡಿತು. ಗಂಡ ಗೆಳೆಯರ ಜೊತೆ ಹೋಗಿ ಮಣ್ಣು ಮಾಡಿ ಬಂದರು. ನನ್ನನ್ನು ಕರೆದೊಯ್ಯಲಿಲ್ಲ. ನಾಮಕರಣಕ್ಕೆ ಮುಂಚೆ ಫೋಟೋ ತೆಗೆಯಬಾರದೆಂದು ಹಿರಿಯರು ಹೇಳಿದ್ದರಿಂದ ಒಂದು ಫೋಟೋ ಕೂಡ ಇರಲಿಲ್ಲ. ಗಂಡ ಮಗುವಿನ ಮಾತೇ ಎತ್ತುತ್ತಿರಲಿಲ್ಲ. ನಾನು ಬಾಗಿಲು ತೆರೆಯುವುದನ್ನೇ ಬಿಟ್ಟೆ.

ಒಂದು ಮಧ್ಯಾಹ್ನ ಆ ಹೆಂಗಸು ಬಂದು, ನಾನು ತೆರೆಯುವವರೆಗೂ ಬಾಗಿಲು ಬಡಿದು, ಕೈ ಹಿಡಿದು ತಮ್ಮ ಮನೆಗೆ ಕರೆದುಕೊಂಡು ಹೋದರು. ಹಾಲಿನ ಗೋಡೆಯ ತುಂಬ ದೊಡ್ಡ ದೊಡ್ಡ ಚಿತ್ರಗಳು, ಎಲ್ಲ ಏಸುವಿನ ತಾಯಿಯವು. ಒಂದರಲ್ಲಿ ಮಗುವಿಗೆ ಹಾಲೂಡಿಸುತ್ತಿದ್ದಾಳೆ. ಕೊನೆಯದರಲ್ಲಿ ಶಿಲುಬೆಯಿಂದ ಇಳಿಸಿದ ಮಗ ಅವಳ ಮಡಿಲಲ್ಲಿದ್ದಾನೆ. ಅದರ ಮುಂದೆ ನಾನು ಅಲ್ಲಾಡದೆ ನಿಂತುಬಿಟ್ಟೆ. ಅವಳ ಒಂದು ಕೈ ಇರಬೇಕಾದಲ್ಲಿ ಬರಿಯ ಬೂದು ಬಣ್ಣವಿತ್ತು.

"ಇಲ್ಲಿ ಯಾಕೆ ಖಾಲಿ?" ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ.

"ಅಲ್ಲಿ ಗಾರೆ ಉದುರಿತ್ತು. ಅಪ್ಪ ಇದ್ದದ್ದನ್ನು ಮಾತ್ರ ಬರೆದರು," ಅಂದರು. ಅವರ ಇಂಗ್ಲಿಷೂ ಅಂಥದ್ದೇ.

ಅವರ ಊರಿನ ಚರ್ಚಿನಲ್ಲಿ, ರೆನೆಸಾನ್ಸ್ ಕಾಲದಲ್ಲಿ, ಹಸಿ ಗಾರೆಯ ಮೇಲೆ ಬರೆದ ಚಿತ್ರಗಳಿದ್ದವಂತೆ. ತೇವ ಹಿಡಿದು ಹಾಳಾಗುತ್ತಿವೆಯೆಂದು ಅವರ ಅಪ್ಪ ಅಟ್ಟಣಿಗೆ ಕಟ್ಟಿಕೊಂಡು ನಕಲು ಮಾಡಿದರು. ಆಮೇಲೆ ಯುದ್ಧ ಬಂತು. ಒಂದು ಬಾಂಬಿಗೆ ಗೋಡೆಗಳೆಲ್ಲ ಹೋದವು.

"ಒಳಗೆ ಜನ ಇದ್ದರಾ?"

"ಅಮ್ಮ ಇದ್ದಳು."

ನಾನು ಅತ್ತೆ. ಅಷ್ಟು ದಿನಗಳಲ್ಲಿ ಮೊದಲ ಸಲ ಬೇರೊಬ್ಬರೆದುರು ಅತ್ತೆ. ಅವರು ಕಾಗದ, ಪೆನ್ಸಿಲು ತಂದು ಪಕ್ಕದಲ್ಲಿ ಕೂತರು. "ಹೇಳು, ಅವನು ಹೇಗಿದ್ದ?"

ಹೇಳುತ್ತಾ ಹೋದೆ. ಹಣೆಯವರೆಗೆ ಇಳಿದ ಕೂದಲು, ಮಡಚಿದ ಎಡಗಿವಿ, ನಿದ್ದೆಯಲ್ಲೂ ಬಿಗಿದ ತುಟಿ. ಅವರು ಅಳಿಸಿ ಅಳಿಸಿ ಬರೆದರು. ಗಲ್ಲ ಮಾತ್ರ ಎಷ್ಟು ನೆನೆದರೂ ನೆನಪಾಗಲಿಲ್ಲ.

"ಏನಾದರೊಂದು ಬರೆದುಬಿಡಿ," ಅಂದೆ.

"ಅದು ಬೇರೆ ಯಾರದೋ ಮಗು ಆಗ್ತದೆ," ಎಂದು ಖಾಲಿ ಬಿಟ್ಟರು.

ಸಂಜೆ ಗಂಡ ಆಫೀಸಿನಿಂದ ಬಂದಾಗ ಚಿತ್ರ ಮೇಜಿನ ಮೇಲಿತ್ತು. ನೋಡಿ ಮುಖ ತಿರುಗಿಸಿದರು. "ಇದೆಲ್ಲ ಎಂತಕ್ಕೆ ಮಾರಾಯ್ತಿ? ಖಲಾಸ್ ಆಯ್ತಲ್ಲ." ಸ್ನಾನಕ್ಕೆ ಹೋದವರು ಅರ್ಧದಲ್ಲೇ ಹೊರಗೆ ಬಂದರು, ಟವೆಲ್ ಸುತ್ತಿಕೊಂಡೇ. "ಗಲ್ಲದಲ್ಲಿ ಸಣ್ಣ ಗುಳಿ ಇತ್ತು. ಮಣ್ಣು ಹಾಕುವ ಮೊದಲು ಬಟ್ಟೆ ಸರಿಸಿ ನೋಡಿದ್ದೆ ನಾನು," ಅಂದವರು ಮೇಜಿನ ಮೇಲಿನ ಚಿತ್ರ ಎತ್ತಿಕೊಂಡರು.

ಅಂಗಿ ಹಾಕಿಸಿ, ಇಬ್ಬರೂ ರಸ್ತೆ ದಾಟಿ ಹೋದೆವು. ಗುಳಿ ಎಲ್ಲಿತ್ತೆಂದು ಗಂಡ ತಮ್ಮ ಗಲ್ಲದ ಮೇಲೆ ಬೆರಳಿಟ್ಟು ತೋರಿಸಿದರು. ಆ ಹೆಂಗಸು ಅದನ್ನು ಬರೆದರು.

ಮುಂದಿನ ವರ್ಷ ಆ ದಂಪತಿ ಚಿತ್ರಗಳನ್ನೆಲ್ಲ ಕಟ್ಟಿಕೊಂಡು ಇಟಲಿಗೆ ಹೊರಟುಹೋದರು. ನಮಗೆ ಆಮೇಲೆ ಇಬ್ಬರು ಹೆಣ್ಣುಮಕ್ಕಳಾದರು. ಅಣ್ಣ ಅಂದರೆ ಅವರಿಗೆ ನಮ್ಮ ಹಾಲಿನ ಗೋಡೆಗೆ ತೂಗುಹಾಕಿದ ಆ ಕಾಗದ. ನನಗೂ ಈಗ ಹಾಗೇ ಆಗಿದೆ. ಕಣ್ಣು ಮುಚ್ಚಿ ಮಗುವನ್ನು ನೆನೆದರೆ ಪೆನ್ಸಿಲಿನ ಗೆರೆಗಳೇ ಕಾಣುತ್ತವೆ. ಅವನ ಮೈಬಣ್ಣ ಹೇಗಿತ್ತೆಂದು ಗಂಡನನ್ನು ಕೇಳಿದರೆ, ಅವರಿಗೂ ನೆನಪಿಲ್ಲ.