ಪತ್ರದಲ್ಲಿಲ್ಲದ ಹುಡುಗ

ನನ್ನ ಮಗಳ ಸಂಬಂಧ ಮುರಿದದ್ದು ಅಪಶಕುನದಿಂದಲ್ಲ, ರೋಣದ ಪಂತೋಜಿ ಒಂದು ಪತ್ರವನ್ನು ಸರಿಯಾಗಿ ಓದಿದ್ದರಿಂದ. ಆಗ ನರಗುಂದದಲ್ಲಿ ಇನ್ನೂ ರಾಜರಿದ್ದರು. ಓದು ಬಾರದ ನಮ್ಮ ಪತ್ರಗಳನ್ನೆಲ್ಲ ಪಂತೋಜಿಯವರೇ ಓದಿ ಹೇಳುತ್ತಿದ್ದರು. ಪ್ರತಿ ಸಾಲಿನ ಕೆಳಗೂ ಜೋಳದ ದಂಟಿನ ಕಡ್ಡಿ ಸರಿಸುತ್ತಿದ್ದರು, ಮುಗಿದ ಮೇಲೆ "ಇನ್ನೊಮ್ಮೆ ಓದೂಣು" ಎನ್ನುತ್ತಿದ್ದರು.

ಗಜೇಂದ್ರಗಡದಿಂದ ಗಂಡಿನವರ ಪತ್ರ ಬಂದಾಗ ಮೂರು ಸಲ ಓದಿದರು.

"ಲಗೂ ಹೂಂ ಅಂತ ಬರೀರಿ," ಎಂದರು ನಮ್ಮ ಮನೆಯವರು.

"ತಡೀಪಾ. ಎತ್ತಿನ ಬಗ್ಗೆ ನಾಕ ಸಾಲು, ಬಾವಿ ಬಗ್ಗೆ ಎರಡು. ಹುಡುಗನ ಬಗ್ಗೆ ಒಂದೂ ಇಲ್ಲ."

"ಅಂವ ಹ್ಯಾಂಗ ಅದಾನ್ರಿ ಹಂಗಾರ?" ಎಂದೆ.

"ನನಗೇನ ಗೊತ್ತವ್ವಾ? ಬರದಿಲ್ಲ ಅನ್ನೂದಷ್ಟ ಖರೇ."

"ಮಗಳನ್ನ ಎತ್ತಿಗೆ ಕೊಡತೀರೇನು?" ಎಂದು ಗಂಡನನ್ನು ಕೇಳಿದೆ. ಮರುದಿನ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು, ಹುಡುಗನನ್ನು ಕಣ್ಣಾರೆ ನೋಡಲು ನಾನೇ ಗಜೇಂದ್ರಗಡಕ್ಕೆ ನಡೆದೆ. ಎತ್ತು, ಬಾವಿ ಪತ್ರದಲ್ಲಿದ್ದಂತೆಯೇ ಇದ್ದವು; ಹುಡುಗನನ್ನು ನೋಡಿ ತಿರುಗಿ ಬಂದವಳೇ ಪಂತೋಜಿಯವರಿಂದ "ಒಲ್ಲೆವು" ಎಂದು ಬರೆಸಿದೆ.